ಸ್ವದಾರಸಂತೋಷ ವ್ರತ: ಒಂದು ವಿಚಾರ



ಉಪವಾಸವನ್ನು ಕೈಗೊಂಡವರೆಲ್ಲರಿಗೂ ಒಂದು ಅನುಭವವುಂಟು. ಪ್ರಾತಃಕಾಲದಲ್ಲಿ ಬಸದಿಗೆ ಹೋಗಿ, ಅಭಿಷೇಕವನ್ನು ಕಣ್ತುಂಬ ಕಂಡು, ಜಿನಬಿಂಬದ ಸಾಕ್ಷಿಯಾಗಿ ಚತುರ್ವಿಧ ಆಹಾರದ ತ್ಯಾಗವನ್ನು ಸಂಕಲ್ಪಿಸುವಾಗ ಮನಸ್ಸು ಹಗುರವಾಗಿರುತ್ತದೆ. ಆ ಹೊತ್ತಿನಲ್ಲಿ ವ್ರತವು ಭಾರವೆಂದು ತೋರುವುದೇ ಇಲ್ಲ. ನಡುಹಗಲು ಕಳೆದು ಮೂರನೆಯ ಪ್ರಹರ ಮುಗಿಯುತ್ತ ಬಂದಾಗ ನಾಲಗೆ ಒಣಗುತ್ತದೆ, ತಲೆ ಭಾರವಾಗುತ್ತದೆ, ನೆರೆಮನೆಯ ಒಗ್ಗರಣೆಯ ವಾಸನೆ ಗೋಡೆಯನ್ನು ದಾಟಿ ಬರುತ್ತದೆ. ಬೆಳಗಿನ ಉತ್ಸಾಹವು ಎಲ್ಲಿ ಹೋಯಿತೆಂಬುದೇ ತಿಳಿಯುವುದಿಲ್ಲ. ಆದರೂ ಉತ್ಸಾಹ ಹೋಯಿತೆಂಬ ಕಾರಣಕ್ಕೆ ನಾವು ಎಲೆಯ ಮುಂದೆ ಕುಳಿತುಕೊಳ್ಳುವುದಿಲ್ಲ. ಏಕೆಂದರೆ ಸಂಕಲ್ಪವನ್ನು ಮಾಡಿದ್ದೇ ಆ ಹೊತ್ತಿಗಾಗಿ. ಹಸಿವೆಯಿಲ್ಲದ ಬೆಳಗಿಗೆ ಸಂಕಲ್ಪವೇಕೆ ಬೇಕು?

ಇಷ್ಟು ಸರಳವಾದ ಈ ಮಾತನ್ನು ನಾವು ಉಪವಾಸದಲ್ಲಿ ಬಲ್ಲೆವು, ದಾಂಪತ್ಯದಲ್ಲಿ ಮರೆಯುತ್ತೇವೆ. ಈ ಲೇಖನವು ಆ ಮರೆವನ್ನು ಕುರಿತದ್ದು.

ಕಳೆದ ವರ್ಷ, ಬಹಳ ಹಿಂದೆ ನನ್ನಲ್ಲಿ ಓದಿದ ಒಬ್ಬ ಗೃಹಸ್ಥನು ಮನೆಗೆ ಬಂದನು. ಧರ್ಮಶ್ರದ್ಧೆಯುಳ್ಳವನು, ರಾತ್ರಿಭೋಜನ ತ್ಯಾಗವನ್ನು ತಪ್ಪದೆ ಪಾಲಿಸುವವನು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕೊನೆಗೆ ಹೀಗೆ ಹೇಳಿದನು: "ಗುರುಗಳೇ, ನಮ್ಮಲ್ಲಿ ಜಗಳವಿಲ್ಲ. ಅವಳ ಮೇಲೆ ನನಗೆ ದೂರೂ ಇಲ್ಲ. ಆದರೆ ಹದಿನಾಲ್ಕು ವರ್ಷಗಳಾದ ಮೇಲೆ ಪ್ರೀತಿಯೆಂಬುದು ಉಳಿದಿಲ್ಲ. ಇಲ್ಲದ ಪ್ರೀತಿಯನ್ನು ಇದೆಯೆಂದು ನಟಿಸುವುದು ಮಾಯಾಚಾರವಲ್ಲವೆ? ನೇರವಾಗಿ ಬೇರೆಯಾಗುವುದೇ ಆರ್ಜವವಲ್ಲವೆ? ಕಾಗದಪತ್ರ ಸಿದ್ಧವಾಗಿದೆ. ಸಹಿ ಹಾಕುವ ಮೊದಲು ತಮ್ಮನ್ನು ಕೇಳಬೇಕೆನಿಸಿತು."

ಅವನು ಕೇಳಿದ್ದು ನಮ್ಮ ಶಾಸ್ತ್ರದ ಮಾತುಗಳಲ್ಲಿಯೇ. ಆದುದರಿಂದ ಅದನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದಾಗಲಿಲ್ಲ. ಅಂದು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಪೂರ್ಣಗೊಳಿಸಲು ಇಲ್ಲಿ ಯತ್ನಿಸುತ್ತೇನೆ.

ಶ್ರಾವಕನ ಐದು ಅಣುವ್ರತಗಳಲ್ಲಿ ನಾಲ್ಕನೆಯದು ಬ್ರಹ್ಮಚರ್ಯಾಣುವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಒಂದೇ ವ್ರತಕ್ಕೆ ಎರಡು ಹೆಸರುಗಳನ್ನು ಹೇಳಿದ್ದಾರೆ. ಪರದಾರನಿವೃತ್ತಿ ಎಂಬುದು ಒಂದು; ಸ್ವದಾರಸಂತೋಷ ಎಂಬುದು ಇನ್ನೊಂದು. ಸ್ತ್ರೀಯರ ಪಾಲಿಗೆ ಇದೇ ಸ್ವಪತಿಸಂತೋಷ ವ್ರತವಾಗುತ್ತದೆ. ಮೊದಲನೆಯ ಹೆಸರು ಬಿಡಬೇಕಾದುದನ್ನು ಹೇಳುತ್ತದೆ. ಎರಡನೆಯದು ಹಿಡಿಯಬೇಕಾದುದನ್ನು ಹೇಳುತ್ತದೆ. ನಮ್ಮಲ್ಲಿ ಹಲವರು ಮೊದಲರ್ಧವನ್ನು ಪಾಲಿಸಿ, ವ್ರತವು ಪೂರ್ಣವಾಯಿತೆಂದು ನಿಶ್ಚಿಂತರಾಗಿರುತ್ತೇವೆ. "ಪರಸ್ತ್ರೀಯನ್ನು ಕಣ್ಣೆತ್ತಿ ನೋಡಿದವನಲ್ಲ" ಎಂದು ಎದೆತಟ್ಟಿ ಹೇಳುವ ಗೃಹಸ್ಥನು ಮನೆಯೊಳಗಿನ ಸ್ತ್ರೀಯನ್ನೂ ಕಣ್ಣೆತ್ತಿ ನೋಡದೆ ವರ್ಷಗಳನ್ನು ಕಳೆದಿರುತ್ತಾನೆ. ಅನ್ನವನ್ನು ಬಿಟ್ಟಿದ್ದಾನೆ, ಸ್ವಾಧ್ಯಾಯವಿಲ್ಲ, ಸಾಮಾಯಿಕವಿಲ್ಲ; ಅಂತಹ ಉಪವಾಸವು ಬರಿಯ ಹಸಿವೆಯಲ್ಲದೆ ಮತ್ತೇನು?

ಇಲ್ಲಿ ಸಂತೋಷವೆಂಬ ಶಬ್ದವನ್ನು ಸ್ವಲ್ಪ ವಿಚಾರಿಸಬೇಕು. ಆಡುಮಾತಿನಲ್ಲಿ ಸಂತೋಷವೆಂದರೆ ಹರ್ಷ. ಹರ್ಷವು ಹಬ್ಬದ ದಿನ ಬಂದು ಮರುದಿನ ಹೋಗುವಂತಹುದು. ಅದನ್ನು ವ್ರತವಾಗಿ ವಿಧಿಸಲು ಬಾರದು. ಶಾಸ್ತ್ರದಲ್ಲಿ ಸಂತೋಷವೆಂದರೆ ತೃಪ್ತಿ: ಇರುವುದರಲ್ಲಿ ನಿಲ್ಲುವುದು. ಪರಿಗ್ರಹ ಪರಿಮಾಣ ಮಾಡಿದವನು ಇಷ್ಟೇ ಭೂಮಿ, ಇಷ್ಟೇ ಧನ ಎಂದು ಗೆರೆ ಎಳೆದುಕೊಂಡು, ಗೆರೆಯ ಹೊರಗಿನದನ್ನು ಲೆಕ್ಕಿಸದೆ, ಒಳಗಿನದನ್ನು ಜೋಪಾನ ಮಾಡುತ್ತಾನೆ. ಅದು ಅಭ್ಯಾಸದಿಂದ ಬರುವಂತಹುದು. ಆಚಾರ್ಯರು ನಮ್ಮಿಂದ ಅಪೇಕ್ಷಿಸಿದ್ದು ಇದನ್ನೇ.

ಹಾಗಾದರೆ ನಾವು ಪ್ರೀತಿಯೆಂದು ಕರೆಯುವ, ಬಂದು ಹೋಗುವ ಆ ಭಾವವು ಯಾವುದು? ಚಾರಿತ್ರಮೋಹನೀಯ ಕರ್ಮದ ಭೇದಗಳಲ್ಲಿ ಒಂಬತ್ತು ನೋಕಷಾಯಗಳನ್ನು ನಾವು ಪಾಠಶಾಲೆಯಲ್ಲಿಯೇ ಬಾಯಿಪಾಠ ಮಾಡಿರುತ್ತೇವೆ. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು. ರತಿಯ ಉದಯವಾದಾಗ ವಸ್ತುವು ಪ್ರಿಯವೆನಿಸುತ್ತದೆ. ಅರತಿಯ ಉದಯವಾದಾಗ ಅದೇ ವಸ್ತುವು ಅಪ್ರಿಯವೆನಿಸುತ್ತದೆ. ವಸ್ತು ಬದಲಾಗಲೇಬೇಕೆಂದಿಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಯಾವ ಧ್ವನಿಯನ್ನು ಕೇಳಲು ಕಿವಿ ಕಾತರಿಸುತ್ತಿತ್ತೋ, ನಲವತ್ತರಲ್ಲಿ ಅದೇ ಧ್ವನಿ ಬೇಸರವನ್ನುಂಟುಮಾಡುತ್ತದೆ. ರತಿ ಅರತಿಗಳೆರಡೂ ಕರ್ಮದ ಉದಯಗಳೇ. ಎರಡೂ ಆತ್ಮನ ಸ್ವಭಾವವಲ್ಲ. ರತಿ ಬಂದಾಗ ಮನೆ ಕಟ್ಟಿ, ಅರತಿ ಬಂದಾಗ ಮನೆ ಮುರಿಯುವವನು ತಾನು ಸ್ವತಂತ್ರನೆಂದು ಭಾವಿಸಿಕೊಂಡಿರಬಹುದು. ವಾಸ್ತವವಾಗಿ ಅವನು ಎರಡು ಸಲವೂ ಕರ್ಮದ ಆಳಾಗಿಯೇ ನಡೆದಿದ್ದಾನೆ. ಉದಯವು ನಮ್ಮ ವಶದಲ್ಲಿಲ್ಲ. ಉದಯಕಾಲದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆಂಬುದು ನಮ್ಮ ಪುರುಷಾರ್ಥ. ವ್ರತವು ಇರುವುದು ಅಲ್ಲಿ.

"ನಮ್ಮ ಧರ್ಮವು ರಾಗವನ್ನು ಬಿಡಬೇಕೆನ್ನುತ್ತದೆ, ತಾವು ಪ್ರೀತಿಯನ್ನು ಹಿಡಿಯಬೇಕೆನ್ನುತ್ತೀರಲ್ಲ?" ಎಂದು ಯಾರಾದರೂ ಕೇಳಬಹುದು. ಯೋಗ್ಯವಾದ ಪ್ರಶ್ನೆಯೇ. ಸಂಪೂರ್ಣ ರಾಗತ್ಯಾಗವು ಮುನಿಗಳ ಮಾರ್ಗ. ಶ್ರಾವಕನು ದೇಶವಿರತನು, ಅವನು ಮನೆಯಲ್ಲಿದ್ದುಕೊಂಡೇ ಮೆಟ್ಟಿಲನ್ನು ಏರಬೇಕಾದವನು. ಅವನಿಗೆ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಹೇಳಿದೆ. ಅವುಗಳಲ್ಲಿ ನಿರ್ವಿಚಿಕಿತ್ಸೆ ಎಂದರೆ ದೇಹದ ಅಶುಚಿತ್ವವನ್ನು ಕಂಡು ಅಸಹ್ಯಪಡದಿರುವುದು. ಉಪಗೂಹನವೆಂದರೆ ಇನ್ನೊಬ್ಬರ ದೋಷವನ್ನು ಬೀದಿಗೆ ತಾರದೆ ಮುಚ್ಚಿ ಕಾಪಾಡುವುದು. ಸ್ಥಿತಿಕರಣವೆಂದರೆ ಜಾರುತ್ತಿರುವವರನ್ನು ಹಿಡಿದು ನಿಲ್ಲಿಸುವುದು. ವಾತ್ಸಲ್ಯವೆಂದರೆ ಸಹಧರ್ಮಿಗಳಲ್ಲಿ, ಹಸುವು ಕರುವಿನಲ್ಲಿ ಇಡುವಂತಹ ನಿಷ್ಕಪಟವಾದ ಒಲವು. ಈ ನಾಲ್ಕನ್ನೂ ನಾವು ಬಸದಿಯಲ್ಲಿ, ಸಂಘದಲ್ಲಿ, ಯಾತ್ರೆಯಲ್ಲಿ ಅಭ್ಯಾಸ ಮಾಡುತ್ತೇವೆ. ನಮಗೆ ಅತ್ಯಂತ ಸಮೀಪದ ಸಹಧರ್ಮಿ ಯಾರು? ಒಂದೇ ಸೂರಿನ ಕೆಳಗೆ ಮೂವತ್ತು ನಲವತ್ತು ವರ್ಷ ಜೊತೆಗಿದ್ದು, ರೋಗದಲ್ಲಿ ನಮ್ಮ ದೇಹದ ಅಶುಚಿತ್ವವನ್ನು ತೊಳೆಯುವವರು ಯಾರು? ರಾಗವು "ನನಗೆ ಏನು ದೊರೆಯಿತು?" ಎಂದು ಕೇಳುತ್ತದೆ. ವಾತ್ಸಲ್ಯವು "ಆ ಜೀವಕ್ಕೆ ಏನು ಬೇಕು?" ಎಂದು ಕೇಳುತ್ತದೆ. ಮಾಸಿಹೋಗುವುದು ರಾಗ, ಅದು ಮಾಸಿದ ಜಾಗದಲ್ಲಿ ವಾತ್ಸಲ್ಯವನ್ನು ಬೆಳೆಸಬಹುದೆಂಬುದೇ ಗೃಹಸ್ಥಾಶ್ರಮದ ಸಾರ್ಥಕತೆ.

ಇನ್ನು ಮಾಯಾಚಾರದ ಪ್ರಶ್ನೆ. ಮಾಯೆಯೆಂದರೆ ಇನ್ನೊಬ್ಬರನ್ನು ವಂಚಿಸುವ ಸಲುವಾಗಿ ಮನಸ್ಸು, ಮಾತು, ಕಾಯಗಳನ್ನು ವಕ್ರಗೊಳಿಸುವುದು. ಉಪವಾಸ ಮಾಡಿದವನು ಹಸಿದಿದ್ದೂ ಉಣ್ಣುವುದಿಲ್ಲ. ಅವನನ್ನು ನಾವು ಕಪಟಿಯೆನ್ನುವುದಿಲ್ಲ. "ನನಗೆ ಹಸಿವೆಯೇ ಇಲ್ಲ" ಎಂದು ಅವನು ಹೇಳಿದರೆ ಅದು ಸುಳ್ಳು; "ಹಸಿವೆಯಿದೆ, ಆದರೆ ಇಂದು ನನಗೆ ವ್ರತ" ಎಂದರೆ ಅದೇ ಆರ್ಜವ. ದಾಂಪತ್ಯದಲ್ಲಿಯೂ ಹೀಗೆಯೇ. ಇಲ್ಲದ ಭಾವವನ್ನು ಇದೆಯೆಂದು ಬಣ್ಣಿಸಬೇಕಾಗಿಲ್ಲ. ಮಾಡಬೇಕಾದುದನ್ನು ಮಾಡಿದರೆ ಸಾಕು. ಜ್ವರ ಬಂದವಳ ತಲೆದೆಸೆಯಲ್ಲಿ ಕುಳಿತುಕೊಳ್ಳಲು ಎದೆಯಲ್ಲಿ ಹೂವರಳಿರಬೇಕೆಂಬ ನಿಯಮವಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಗಳ ಅತಿಚಾರಗಳನ್ನು ಹೇಳುವಾಗ ಪ್ರೋಷಧೋಪವಾಸಕ್ಕೆ ಐದು ಅತಿಚಾರಗಳನ್ನು ಎಣಿಸಿದೆ. ಅವುಗಳ ಕೊನೆಯ ಎರಡನ್ನು ಓದುವಾಗಲೆಲ್ಲ ನನಗೆ ದಾಂಪತ್ಯವೇ ನೆನಪಾಗುತ್ತದೆ. ಒಂದು ಅನಾದರ, ಇನ್ನೊಂದು ಸ್ಮೃತ್ಯನುಪಸ್ಥಾನ, ಎಂದರೆ ಮರೆವು. ಮನೆಗಳು ಹಾಳಾಗುವುದು ಬಹುಮಟ್ಟಿಗೆ ದೊಡ್ಡ ಪಾಪಗಳಿಂದಲ್ಲ. ಕೇಳಿದ ಮಾತಿಗೆ ಪತ್ರಿಕೆಯಿಂದ ತಲೆಯೆತ್ತದೆ "ಹೂಂ" ಎನ್ನುವುದು ಅನಾದರ. ಅವಳಿಗೆ ಯಾವ ಕಣ್ಣು ಮಂಜಾಗಿದೆಯೆಂಬುದು ತಿಳಿಯದಿರುವುದು ಸ್ಮೃತ್ಯನುಪಸ್ಥಾನ. ಅಮಿತಗತಿ ಆಚಾರ್ಯರು ವ್ರತಭಂಗದ ಮೆಟ್ಟಿಲುಗಳನ್ನು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ಕ್ರಮವಾಗಿ ಹೇಳಿದ್ದಾರೆ. ಮೊದಲನೆಯದಾದ ಅತಿಕ್ರಮವು ಮನಸ್ಸಿನ ಶುದ್ಧಿಯ ಹಾನಿ. ಹೊರಗೆ ಏನೂ ಕಾಣುವುದಿಲ್ಲ. "ಇವಳಿಂದ ನನಗೇನು ಸುಖ?" ಎಂದು ಮನಸ್ಸು ಒಳಗೊಳಗೆ ಲೆಕ್ಕ ಹಾಕತೊಡಗಿದ ದಿನವೇ ಬೇಲಿಯ ಮೊದಲ ಮುಳ್ಳು ಕಳಚಿದೆಯೆಂದು ತಿಳಿಯಬೇಕು.

ಇದೆಲ್ಲವನ್ನೂ ನಾನು ಗ್ರಂಥದಿಂದ ಮಾತ್ರ ಕಲಿಯಲಿಲ್ಲ. ನಾಚಿಕೆಯ ಸಂಗತಿಯಾದರೂ ಹೇಳುತ್ತೇನೆ.

1995ನೆಯ ಇಸವಿ. ನನಗೆ ವಿವಾಹವಾಗಿ ಹನ್ನೆರಡು ವರ್ಷಗಳಾಗಿದ್ದವು. ಒಂದು ಸಣ್ಣ ಊರಿನ ಶಾಲೆಗೆ ವರ್ಗವಾಗಿತ್ತು. ನಾನು ವ್ರತನಿಯಮಗಳಲ್ಲಿ ಕಟ್ಟುನಿಟ್ಟಿನವನೆಂದು ಊರಿನ ಶ್ರಾವಕರಲ್ಲಿ ಒಳ್ಳೆಯ ಹೆಸರಿತ್ತು. ಮನೆಯಲ್ಲಿ ಮಾತ್ರ ನಾನೂ ನನ್ನ ಧರ್ಮಪತ್ನಿಯೂ ಅಗತ್ಯಕ್ಕೆ ಬೇಕಾದಷ್ಟೇ ಮಾತನಾಡುತ್ತಿದ್ದೆವು. ವೈರವಿರಲಿಲ್ಲ; ಒಲವೂ ಇರಲಿಲ್ಲ. ಆ ವರ್ಷದ ದಶಲಕ್ಷಣ ಪರ್ವದಲ್ಲಿ ಅನಂತ ಚತುರ್ದಶಿಯಂದು ಉಪವಾಸವನ್ನು ಮಾಡಿ, ಹುಣ್ಣಿಮೆಯ ಬೆಳಿಗ್ಗೆ ಪಾರಣೆಗೆ ಕುಳಿತೆ. ಹೆಸರುಬೇಳೆಯ ಗಂಜಿ ಬಿಸಿಯಾಗಿ ಎದುರಿಗೆ ಬಂದಿತು. ಉಂಡು ಎದ್ದು ಹೊರಗೆ ಬಂದಾಗ ನೆರೆಮನೆಯ ಅಜ್ಜಿಯವರು, "ಮಾಸ್ತರರೇ, ನಿಮ್ಮ ಮನೆಯವಳ ಜ್ವರ ಇಳಿಯಿತೇನು? ಎರಡು ದಿನದಿಂದ ಮೈ ಕಾಯುತ್ತಿತ್ತಲ್ಲ" ಎಂದು ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಜ್ವರವೇ ತಿಳಿದಿರಲಿಲ್ಲ. ನನ್ನ ಹಸಿವೆಯ ಒಂದೊಂದು ಗಳಿಗೆಯನ್ನೂ ಎಣಿಸಿದ್ದ ನಾನು, ಹತ್ತು ಹೆಜ್ಜೆ ದೂರದ ಒಲೆಯ ಮುಂದೆ ಕುಳಿತಿದ್ದವಳ ಎರಡು ದಿನಗಳ ಜ್ವರವನ್ನು ಎಣಿಸಿರಲಿಲ್ಲ.

ಒಳಗೆ ಹೋಗಿ ಅವಳನ್ನು ನೋಡಿದೆ. ನಿಜವನ್ನು ಹೇಳಬೇಕೆಂದರೆ, ಆಗಲೂ ನನ್ನಲ್ಲಿ ಪ್ರೀತಿಯುಕ್ಕಲಿಲ್ಲ. ನಾಚಿಕೆ ಮಾತ್ರ ಉಂಟಾಯಿತು. ಭಾವವನ್ನು ಕರೆತರುವ ಶಕ್ತಿ ನನಗಿಲ್ಲವೆಂದು ಅಂದು ತಿಳಿಯಿತು. ಆದರೆ ವ್ರತವನ್ನು ಹಿಡಿಯುವ ವಿಧಾನ ನನಗೆ ಗೊತ್ತಿತ್ತಲ್ಲವೆ? ಸಮಂತಭದ್ರಾಚಾರ್ಯರು ಕಾಲದ ಮಿತಿಯುಳ್ಳದ್ದನ್ನು ನಿಯಮವೆಂದೂ, ಯಾವಜ್ಜೀವ ಹಿಡಿಯುವುದನ್ನು ಯಮವೆಂದೂ ಹೇಳಿದ್ದಾರೆ. ವಿವಾಹವು ಯಮ. ಯಮವು ಹೊರಲಾರದಷ್ಟು ಭಾರವೆನಿಸಿದಾಗ ಸಣ್ಣ ನಿಯಮವೊಂದನ್ನು ಊರುಗೋಲಾಗಿ ಹಿಡಿಯಬಹುದು. ಕಾರ್ತಿಕ ಹುಣ್ಣಿಮೆಯವರೆಗೆ, ಎರಡು ತಿಂಗಳ ಮಟ್ಟಿಗೆ, ಮೂರು ನಿಯಮಗಳನ್ನು ತೆಗೆದುಕೊಂಡೆ. ಬೆಳಿಗ್ಗೆ ಬಾವಿಯ ನೀರನ್ನು ನಾನೇ ಸೇದಿ, ಸೋಸಿ ತುಂಬಿಡುವುದು. ಸೂರ್ಯಾಸ್ತಕ್ಕೆ ಮೊದಲಿನ ಊಟದ ಹೊತ್ತಿನಲ್ಲಿ ಪತ್ರಿಕೆಯನ್ನು ಬದಿಗಿಟ್ಟು, ಅವಳು ಹೇಳುವುದನ್ನು ನಡುವೆ ಬಾಯಿಹಾಕದೆ ಕೇಳುವುದು. ಕಟುವಾದ ಮಾತು ಬಂದ ದಿನ ಮರುದಿನ ಒಂದು ರಸವನ್ನು ತ್ಯಜಿಸುವುದು.

ಮೊದಲ ತಿಂಗಳು ಯಾವ ಫಲವೂ ಕಾಣಲಿಲ್ಲ. ಉಪ್ಪನ್ನು ಬಿಟ್ಟ ದಿನಗಳೇ ಹೆಚ್ಚಾದವು. ಅವಳಿಗೆ ನನ್ನ ನಡತೆ ವಿಚಿತ್ರವೆನಿಸಿರಬೇಕು. ಹೇಳಲು ಮಾತೇ ಇಲ್ಲದೆ ಇಬ್ಬರೂ ಸುಮ್ಮನೆ ಉಂಡು ಎದ್ದ ದಿನಗಳಿದ್ದವು. ಎರಡನೆಯ ತಿಂಗಳಿನಲ್ಲಿ ಒಂದು ಸಂಜೆ ಅವಳು ತನ್ನ ತಾಯಿಯ ಕೊನೆಯ ದಿನಗಳನ್ನು ಹೇಳತೊಡಗಿದಳು. ಆ ತಾಯಿ ತೀರಿಹೋಗಿ ಆಗಲೇ ನಾಲ್ಕು ವರ್ಷಗಳಾಗಿದ್ದವು. ಈ ನಾಲ್ಕು ವರ್ಷ ಆ ದುಃಖವನ್ನು ಅವಳು ಯಾರೊಡನೆ ಹೇಳಿಕೊಂಡಿದ್ದಳು? ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರ್ತಿಕ ಹುಣ್ಣಿಮೆ ಬಂದಿತು, ಹೋಯಿತು. ನಿಯಮವು ಮುಗಿದುದು ಇಬ್ಬರಿಗೂ ನೆನಪಾಗಲಿಲ್ಲ.

ಹಿಂದೆ ಹೋಗಿದ್ದ ಭಾವವೇ ಮರಳಿ ಬಂದಿತೆಂದು ನಾನು ಹೇಳಲಾರೆ. ಅದು ಹೋಯಿತು. ಬಂದುದು ಬೇರೆಯದು; ಮೊದಲಿನದಕ್ಕಿಂತ ಶಾಂತವಾದದ್ದು. ದ್ರವ್ಯವು ಉತ್ಪಾದ-ವ್ಯಯ-ಧ್ರೌವ್ಯಯುಕ್ತವೆಂದು ನಾವು ಓದುತ್ತೇವೆ. ಒಂದು ಪರ್ಯಾಯವು ಅಳಿಯುತ್ತದೆ, ಇನ್ನೊಂದು ಹುಟ್ಟುತ್ತದೆ, ನಡುವೆ ನಿಲ್ಲುವುದೊಂದಿದೆ. ದಾಂಪತ್ಯದಲ್ಲಿ ಆ ನಿಲ್ಲುವ ಅಂಶವು ಸಂಕಲ್ಪವೇ ಆಗಿದೆ. ಅದು ನಿಲ್ಲದಿದ್ದರೆ ಹೊಸ ಪರ್ಯಾಯವು ಹುಟ್ಟಲು ಆಧಾರವೆಲ್ಲಿ?

ಹಲವು ವರ್ಷಗಳ ಬಳಿಕ ಈ ನಿಯಮದ ಸಂಗತಿಯನ್ನು ಅವಳಿಗೆ ಹೇಳಿದೆ; ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನೆಂದು ಕಾಣುತ್ತದೆ. ಅವಳು ಅಕ್ಕಿಯನ್ನು ಆರಿಸುತ್ತಿದ್ದಳು. ತಲೆಯೆತ್ತದೆ, "ನೀವು ಎರಡು ತಿಂಗಳು ಹಿಡಿದಿರಿ. ನಾನು ಅದಕ್ಕೂ ಮೊದಲು ಎಂಟು ವರ್ಷ ಹಿಡಿದಿದ್ದೆ. ನನಗೆ ಯಾರೂ ಪಾರಣೆ ಮಾಡಿಸಲಿಲ್ಲ ಅಷ್ಟೆ" ಎಂದಳು. ನಾನು ಓದಿದ ಯಾವ ಶ್ರಾವಕಾಚಾರವೂ ನನಗೆ ಅಷ್ಟು ನೇರವಾಗಿ ಪಾಠ ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ಶ್ರಾವಿಕೆಯರು ಸಂಕಲ್ಪದ ಮಂತ್ರವಿಲ್ಲದೆ, ಸಭೆಯ ಸನ್ಮಾನವಿಲ್ಲದೆ ಈ ವ್ರತವನ್ನು ಏಕಾಕಿಯಾಗಿ ನಡೆಸುತ್ತಿರುತ್ತಾರೆಂಬುದನ್ನು ಪುರುಷರು ತಿಳಿಯಬೇಕು.

ಮೈನಾಸುಂದರಿಯ ಕಥೆಯನ್ನು ನಾವೆಲ್ಲರೂ ಬಲ್ಲೆವು. ಕನ್ನಡದಲ್ಲಿ ಮೂರನೆಯ ಮಂಗರಸನು ಶ್ರೀಪಾಲ ಚರಿತೆಯನ್ನು ರಚಿಸಿದ್ದಾನೆ. ಸುಖದುಃಖಗಳು ಸ್ವಕರ್ಮಾಧೀನವೆಂದು ನುಡಿದ ಮಗಳ ಮೇಲೆ ಕುಪಿತನಾದ ತಂದೆಯು ಅವಳನ್ನು ಕುಷ್ಠರೋಗಿಯಾದ ಶ್ರೀಪಾಲನಿಗೆ ಕೊಟ್ಟನು. ಅವಳು ಸಿದ್ಧಚಕ್ರವನ್ನು ಆರಾಧಿಸಿದಳು. ಗಂಧೋದಕದಿಂದ ಅವನ ರೋಗವೂ, ಅವನ ಏಳುನೂರು ಸಂಗಡಿಗರ ರೋಗವೂ ವಾಸಿಯಾಯಿತು. ನಾವು ಕಥೆಯನ್ನು ಹೇಳುವಾಗ ರೋಗವು ವಾಸಿಯಾದ ದಿನಕ್ಕೆ ಅವಸರದಿಂದ ಓಡುತ್ತೇವೆ. ವಾಸಿಯಾಗುವ ಮೊದಲಿನ ದಿನಗಳನ್ನು ಯೋಚಿಸಿ. ಕೀವು ಸುರಿಯುವ ದೇಹ. ಮುಂದೆ ಒಳ್ಳೆಯದಾಗುವುದೆಂಬ ಭರವಸೆಯಿಲ್ಲ. ರತಿಗೆ ಆಸ್ಪದವೇ ಇಲ್ಲದ ಸ್ಥಿತಿ. ಅಲ್ಲಿ ಅವಳು ಅಸಹ್ಯಪಡದೆ ಸೇವೆ ಮಾಡಿದಳು. ಅವಳ ವ್ರತವಿದ್ದುದು ಆ ದಿನಗಳಲ್ಲಿ. ಮುಂದಿನದು ಅದರ ಫಲ. ಫಲವು ಎಲ್ಲರಿಗೂ ಅದೇ ರೂಪದಲ್ಲಿ ಬರುವುದಿಲ್ಲ. ವ್ರತವು ಎಲ್ಲರಿಗೂ ಸಾಧ್ಯ.

ಆದರೆ ಈ ಕಥೆಯನ್ನು ಅಪಾರ್ಥ ಮಾಡಿಕೊಳ್ಳಬಾರದು. ಶ್ರೀಪಾಲನು ರೋಗಿಯಾಗಿದ್ದನು, ಕ್ರೂರನಾಗಿರಲಿಲ್ಲ. ಅಣುವ್ರತಗಳಲ್ಲಿ ಮೊದಲನೆಯದು ಅಹಿಂಸೆ. ನಾಲ್ಕನೆಯದು ಅದರ ನೆರಳಿನಲ್ಲಿಯೇ ನಿಲ್ಲಬೇಕು. ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳಿವೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಹೊರಲಾರದ ಭಾರವನ್ನು ಹೊರಿಸುವುದು, ಅನ್ನನೀರನ್ನು ತಡೆಯುವುದು. ಇವನ್ನು ಪ್ರಾಯಶಃ ಎತ್ತು ಎಮ್ಮೆಗಳ ವಿಷಯದಲ್ಲಿ ವಿವರಿಸುವುದು ವಾಡಿಕೆ. ಮೂಕಪ್ರಾಣಿಗೆ ಸಲ್ಲದ್ದು ಮನೆಯ ಗೃಹಿಣಿಗೆ ಸಲ್ಲುವುದೆ? ಹೊಡೆಯುವ ಕೈಯನ್ನು ಸಹಿಸುವುದು ವ್ರತವಲ್ಲ. ಸಹಿಸೆಂದು ಮಗಳಿಗೆ ಹೇಳುವ ತಂದೆತಾಯಿಗಳು ಹಿಂಸೆಗೆ ಅನುಮೋದನೆ ಕೊಟ್ಟಂತೆಯೇ. ಅಂತಹವರ ರಕ್ಷಣೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಿದೆ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ವಿಚ್ಛೇದನಕ್ಕೆ ಅವಕಾಶವೂ ಇದೆ. ನಾನು ಇಲ್ಲಿ ಹೇಳುತ್ತಿರುವುದು ಹಿಂಸೆಯಿಲ್ಲದ, ದ್ರೋಹವಿಲ್ಲದ, ಕೇವಲ ಬತ್ತಿಹೋದ ಮನೆಗಳ ವಿಷಯ.

ಈಗ ನನ್ನ ಶಿಷ್ಯನ ಮಾತಿಗೆ ಬರುತ್ತೇನೆ. ಅವನಿಗೆ ಅಂದು ಹೇಳಿದ್ದು ಇಷ್ಟೇ: "ತಮ್ಮಾ, ಸಹಿಯನ್ನು ನಾಳೆಯೂ ಹಾಕಬಹುದು. ಈಗ ಆಷಾಢದ ಅಷ್ಟಾಹ್ನಿಕ ಬರುತ್ತಿದೆ. ಎಂಟು ದಿನದ ನಿಯಮವನ್ನು ಹಿಡಿ. ಪ್ರೀತಿ ಬರಲೆಂದು ಕಾಯಬೇಡ; ಬಂದಿಲ್ಲವೆಂದು ದೂರಬೇಡ. ದಿನಕ್ಕೊಂದು ಸಲ ಅವಳ ಬಳಿ ಕುಳಿತು ಅವಳ ಮಾತನ್ನು ಕೇಳು." ಅವನು ಎಂಟು ದಿನಗಳನ್ನು ಮುಗಿಸಿ, ಚಾತುರ್ಮಾಸ್ಯ ಪೂರ್ತಿ ಮುಂದುವರಿಸುವುದಾಗಿ ತಿಳಿಸಿದನು. ಕಾಗದಗಳು ಇನ್ನೂ ಕಪಾಟಿನಲ್ಲಿಯೇ ಇವೆಯಂತೆ. ಅವನ್ನು ಹರಿದುಹಾಕಿದ್ದೇನೆಂದು ಅವನು ಹೇಳಿಲ್ಲ, ನಾನೂ ಕೇಳಿಲ್ಲ. ಅವನ ಉಪವಾಸ ಇನ್ನೂ ನಡುಹಗಲಿನಲ್ಲಿದೆ.

ಓದುಗರಲ್ಲಿ ಒಂದು ವಿನಂತಿ. ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂದಾಗ ನಾವು ಬಂಧುಗಳಿಗೆ, ಮಿತ್ರರಿಗೆ, ದೂರದೂರಿನ ಪರಿಚಿತರಿಗೆಲ್ಲ ಕ್ಷಮೆ ಕೋರುತ್ತೇವೆ. ಹಿಂದೆ ಕಾರ್ಡು ಬರೆಯುತ್ತಿದ್ದೆವು, ಈಗ ಮೊಬೈಲಿನಲ್ಲಿ ಒಂದೇ ಸಂದೇಶವನ್ನು ನೂರು ಜನರಿಗೆ ಕಳುಹಿಸುತ್ತೇವೆ. ಆ ನೂರರಲ್ಲಿ ಅಡಿಗೆಮನೆಯಲ್ಲಿರುವ ಒಬ್ಬರ ಹೆಸರು ಇರುವುದಿಲ್ಲ. ಮುಂದಿನ ಕ್ಷಮಾವಾಣಿಯಲ್ಲಿ ಮೊದಲು ಅಲ್ಲಿಗೆ ಹೋಗೋಣ. ಕೈಮುಗಿದು, ಇಂತಿಂತಹ ಅನಾದರ, ಇಂತಿಂತಹ ಮರೆವು ನನ್ನಿಂದ ನಡೆಯಿತೆಂದು ಹೆಸರಿಟ್ಟು ಹೇಳೋಣ. ಮನಸ್ಸು ಒಣಗಿದ್ದರೂ ಹೇಳೋಣ. ಒಣಗಿದ ಹೊತ್ತಿನಲ್ಲಿ ಹಿಡಿದುದಕ್ಕೇ ವ್ರತವೆಂದು ಹೆಸರು.

ಎಲ್ಲ ಸದ್ಗೃಹಸ್ಥರ ವ್ರತಗಳು ನಿರತಿಚಾರವಾಗಿ ನಡೆಯಲೆಂದು ಜಿನೇಶ್ವರನ ಸನ್ನಿಧಿಯಲ್ಲಿ ಪ್ರಾರ್ಥಿಸುತ್ತೇನೆ.

ಜಯ ಜಿನೇಂದ್ರ.